ಪುಂಡಿ ಹಗ್ಗದ ‘ರ’

ಉಸುಕಿಗೆ ಎಷ್ಟು ನೀರು ಚಿಮುಕಿಸಬೇಕು ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬಾಗಲಕೋಟೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಸಣ್ಣ ಮಕ್ಕಳು ಅಕ್ಷರವನ್ನು ನೋಡಿ ಕಲಿಯುವುದಕ್ಕಿಂತ ಮುಟ್ಟಿ, ತಿದ್ದಿ, ಕಲಸಿ, ತುಳಿದು ಕಲಿಯುವುದೇ ಹೆಚ್ಚು ಎಂದು ತರಬೇತಿ ಕೊಡಲು ಬಂದ ಹುಡುಗಿ ಎರಡು ದಿನ ಹೇಳಿದಳು. ನಾನು ತಲೆಯಾಡಿಸಿ, ಹಾಳೆಯಲ್ಲಿ ಬರೆದುಕೊಂಡು, ಬಸ್ಸು ಹಿಡಿದು ಇಳಕಲ್ಲಿಗೆ ವಾಪಸು ಬಂದೆ. ಮರುದಿನ ನೇಕಾರರ ಓಣಿಯ ನಮ್ಮ ಅಂಗನವಾಡಿಯಲ್ಲಿ ಅಗಲ ತಟ್ಟೆಯಂಥ ಸ್ಟೀಲಿನ ಪರಾತಿಗೆ ಉಸುಕು ಸುರಿದು ಮಕ್ಕಳನ್ನು ಕೂಡಿಸಿದರೆ, ಬೆರಳು ಎಳೆದ ಗೆರೆ ಎರಡೂ ಬದಿಯಿಂದ ಕುಸಿದು ಮುಚ್ಚಿಕೊಂಡಿತು. ನೀರು ಹಾಕಿದೆ, ಹೆಚ್ಚಾಯಿತು. ಮಕ್ಕಳು ಅಕ್ಷರ ಬಿಟ್ಟು ಉಂಡೆ ಕಟ್ಟತೊಡಗಿದರು. ಒಂದು ಉಂಡೆ ನನ್ನ ಸೀರೆಯ ನೆರಿಗೆಗೆ ಬಂದು ಬಡಿಯಿತು.

“ಹೇಳೋದೇನು, ಇಲ್ಲಿ ಬಂದು ಮಾಡಿ ತೋರಸ್ಲಿ ಅವರು” ಎಂದು ಗೊಣಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಓಣಿಗೆಲ್ಲ ಗೊತ್ತಿರುವ ವಿಷಯ.

ನಮ್ಮ ಸಹಾಯಕಿ ನನಗಿಂತ ಹತ್ತು ವರ್ಷ ದೊಡ್ಡವರು. ಅಡುಗೆ, ಕಸ, ಮಕ್ಕಳ ಮೂಗು ಒರೆಸುವುದು ಎಲ್ಲ ಅವರ ಪಾಲು, ಜೊತೆಗೆ ನನ್ನ ಸಿಟ್ಟು ಇಳಿಸುವುದೂ. “ರೊಟ್ಟಿ ಹಿಟ್ಟು ನಾದೂವಾಗ ಯಾರನ್ನರ ಕೇಳಿ ನೀರ ಹಾಕ್ತೀರೇನ್ರಿ ಟೀಚರ? ಕೈಗೆ ಗೊತ್ತಾಗತೈತಿ” ಎಂದರು. ಅವರೇ ಕೂತು, ಹಳ್ಳದ ಉಸುಕನ್ನು ಹಿಟ್ಟಿನ ಜರಡಿಯಲ್ಲಿ ಮೂರು ಸಲ ಸೋಸಿ, ತೊಳೆದು, ಒಣಗಿಸಿ, ಅಂಗೈಯಿಂದ ನೀರು ಚಿಮುಕಿಸಿ ಹದ ಮಾಡಿದರು. ಪರಾತಿನಲ್ಲಿ ಅರ್ಧ ಬೆರಳಿನಷ್ಟೇ ದಪ್ಪ ಹರಡಬೇಕು. ಬೆರಳು ಎಳೆದಾಗ ತಳದ ಸ್ಟೀಲು ಮಿನುಗಿ ಗೆರೆ ಎದ್ದು ಕಾಣಬೇಕು. ಅಷ್ಟು ಗೊತ್ತಾಗುವುದಕ್ಕೆ ನಮಗೆ ಒಂದು ವಾರ ಹಿಡಿಯಿತು.

ನಡುವೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ನಮ್ಮೂರಿನ ಕೆಂಪು ಕಲ್ಲು ಕೊಯ್ಯುವಲ್ಲಿ ರಾಶಿ ಬಿದ್ದಿರುವ ಪುಡಿ ಉಸುಕಿಗಿಂತ ನುಣ್ಣಗೆ, ಬಣ್ಣವೂ ಚಂದ. ಒಂದು ಚೀಲ ತಂದೆ. ಮಕ್ಕಳು ಕೈ ಇಟ್ಟ ಕೂಡಲೇ ಅದು ಹೊಗೆಯ ಹಾಗೆ ಎದ್ದಿತು, ನಾಲ್ಕು ಮಕ್ಕಳು ಕೆಮ್ಮಿದರು. ಸಹಾಯಕಿ ಪರಾತಿನ ಮೇಲೆ ಕೊಡ ನೀರು ಸುರಿದು, ಚೀಲವನ್ನು ಊರಾಚೆ ಒಯ್ದು ಚೆಲ್ಲಿ ಬಂದರು. ಅವತ್ತು ನಾನು ಅವರ ಕಣ್ಣು ತಪ್ಪಿಸಿಕೊಂಡೇ ಓಡಾಡಿದೆ.

ಮೊದಲು ಯಾವ ಅಕ್ಷರ ಎಂಬುದಕ್ಕೂ ಜಗಳವಾಯಿತು. ‘ಅ’ ದೊಡ್ಡವರಿಗೆ ಮೊದಲನೆಯದು, ಬೆರಳಿಗಲ್ಲ. ಅದರ ತಿರುವು ಹೆಚ್ಚು. ‘ರ’ ಆದರೆ ಕೆಳಗೊಂದು ಗುಂಡು, ಮೇಲೆ ಬಂದು ಒಂದು ಅಡ್ಡ ಕಟ್ಟು, ಮುಗಿಯಿತು. ಅದಕ್ಕೆ ರ, ಗ, ಸ ಎಂದು ಶುರು ಮಾಡಿದೆ. “ನಡುವಿಂದ ಸುರು ಮಾಡ್ಯಾರ ನಮ್ಮ ಟೀಚರ” ಎಂದು ತಾಯಂದಿರು ನೀರಿನ ನಳದ ಹತ್ತಿರ ನಗಾಡಿದರು. ನಗಲಿ ಎಂದು ಬಿಟ್ಟೆ.

ಇಷ್ಟೆಲ್ಲ ಒದ್ದಾಡಿದ್ದು ಇಪ್ಪತ್ತೆರಡು ಮಕ್ಕಳಿಗಾಗಿ ಎಂದರೆ ಅರ್ಧ ಸತ್ಯ. ನನ್ನ ತಲೆಯಲ್ಲಿ ಇದ್ದದ್ದು ಒಬ್ಬಳು.

ಅವಳಿಗೆ ಐದು ತುಂಬಿತ್ತು. ದೀಪಾವಳಿ ಆದಮೇಲೆ ಅವಳ ತಾಯಿ ಕೈಹಿಡಿದು ತಂದು ಬಿಟ್ಟಿದ್ದಳು. ಅದಕ್ಕೂ ಮೊದಲು ಒಂದು ಖಾಸಗಿ ಶಾಲೆಗೆ ಹಾಕಿದ್ದರು. ಅಲ್ಲಿ ಮೂರು ತಿಂಗಳು ಇಟ್ಟುಕೊಂಡು, ಹುಡುಗಿ ಮಂದ, ಪೆನ್ಸಿಲ್ ಹಿಡಿಯುವುದೂ ಬರುವುದಿಲ್ಲ ಎಂದು ವಾಪಸು ಕಳಿಸಿದ್ದರು. ತಂದೆ ಕಲ್ಲಿನ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಕಡಿಮೆ. ತಾಯಿ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ, ಮಾತು ಕಡಿಮೆ. ಮನೆ ನಡೆಯುವುದು ಅಜ್ಜಿಯ ಮಾತಿನ ಮೇಲೆ. ಆ ಅಜ್ಜಿ ಮೊದಲ ದಿನವೇ ನನಗೆ ಹೇಳಿಬಿಟ್ಟಿದ್ದರು: “ಯುಗಾದಿತನಾ ನೋಡ್ತೇನ್ರಿ. ಕೆರೂರಾಗ ನನ್ನ ಸಣ್ಣ ಮಗಳು ಬಸರಿ ಅದಾಳ. ಇಕಿಗೆ ಅಕ್ಷರ ಹತ್ತಲಿಲ್ಲ ಅಂದ್ರ ಅಲ್ಲಿ ಕಳಸ್ತೇನಿ. ಕೂಸಿನ ತೊಟ್ಟಿಲರ ತೂಗತಾಳ.”

ಐದು ವರ್ಷದ ಮಗು ಇನ್ನೊಂದು ಮಗುವಿನ ತೊಟ್ಟಿಲು ತೂಗುವುದು. ಒಮ್ಮೆ ಹೋದರೆ ಆ ತೊಟ್ಟಿಲು ಬಿಟ್ಟು ಶಾಲೆಗೆ ಬರುವುದು ಅಷ್ಟು ಸುಲಭವಲ್ಲ ಎಂದು ನನಗೆ ಗೊತ್ತಿತ್ತು. ಹಾಗೆ ಹೋದವರು ನನ್ನ ಜೊತೆಗೆ ಓದಿದವರಲ್ಲೇ ಇದ್ದಾರೆ.

ಉಳಿದ ಮಕ್ಕಳು ಮೊಣಕೈತನಕ ಉಸುಕು ಮೆತ್ತಿಕೊಂಡರೂ ಅವಳು ಮಾತ್ರ ಬಲಗೈಯ ಬೆರಳನ್ನು ಪರಾತಿನಲ್ಲಿ ಸುಮ್ಮನೆ ಇಟ್ಟು ಕೂರುತ್ತಿದ್ದಳು. ನಾನು ಕೈಹಿಡಿದು ತಿದ್ದಿಸಿದರೆ ಆ ಬೆರಳು ಬೆಂದ ಶಾವಿಗೆಯ ಹಾಗೆ ಮೆತ್ತಗೆ ನನ್ನ ಜೊತೆಗೆ ಬರುತ್ತಿತ್ತು, ಬಿಟ್ಟರೆ ನಿಂತುಬಿಡುತ್ತಿತ್ತು. ಇನ್ನೊಂದು ಕೈ ಸದಾ ತೊಡೆಯ ಕೆಳಗೆ. ನಾಚಿಕೆ ಎಂದುಕೊಂಡೆ. ಎರೆ ಮಣ್ಣು ಕಲಸಿ ಹಾವಿನ ಹಾಗೆ ಉದ್ದ ಹೊಸೆದು ಅಕ್ಷರ ಮಾಡುವ ಆಟ ಆಡಿಸಿದೆ. ಅಲ್ಲೂ ಹಾಗೇ. ಸಂಕ್ರಾಂತಿ ಆಯಿತು. ಕೆರೂರಿನ ಮಗಳು ಹಡೆದಳು ಎಂಬ ಸುದ್ದಿಯೂ ಬಂತು.

ಆಗ ತರಬೇತಿಯ ಹಾಳೆ ತೆಗೆದು ಮತ್ತೆ ನೋಡಿದೆ. ಕೊನೆಯಲ್ಲಿ ಇತ್ತು: ನೆಲದ ಮೇಲೆ ದೊಡ್ಡ ಅಕ್ಷರ ಮಾಡಿ ಮಕ್ಕಳನ್ನು ಬರಿಗಾಲಲ್ಲಿ ನಡೆಸಿ. ಸಹಾಯಕಿ ಮನೆಯಿಂದ ಹೆಬ್ಬೆರಳು ದಪ್ಪದ ಪುಂಡಿನಾರಿನ ಹಗ್ಗ ತಂದರು. ಎರಡು ಗೋಣಿ ತಟ್ಟು ಜೋಡಿಸಿ, ಅದರ ಮೇಲೆ ಹಗ್ಗವನ್ನು ‘ರ’ದ ಆಕಾರಕ್ಕೆ ಸುತ್ತಿ, ದಬ್ಬಣದಿಂದ ಹೊಲಿದೆವು. ಹೊಲಿಗೆ ಮೇಲೆ ಬಂದರೆ ಕಾಲಿಗೆ ಚುಚ್ಚುತ್ತದೆ, ಅದಕ್ಕೆ ಗಂಟೆಲ್ಲ ಕೆಳಬದಿಗೆ. ಎಲ್ಲಿಂದ ಶುರು ಮಾಡಬೇಕೋ ಅಲ್ಲಿ ಒಂದು ಅರಿವೆಯ ತುಂಡು. ಮಕ್ಕಳ ಕಣ್ಣಿಗೆ ಟವೆಲ್ ಕಟ್ಟಿ, ಅರಿವೆಯ ಮೇಲೆ ನಿಲ್ಲಿಸಿ, ಹಗ್ಗ ಹಿಡಿದು ನಡೆ ಎಂದೆ.

ಹುಡುಗರು ಬಿದ್ದು ಎದ್ದು ನಕ್ಕು ನಡೆದರು. ಅವಳ ಸರದಿ ಬಂತು. ಅವಳು ಕಾಲಿನ ಹೆಬ್ಬೆರಳಿನಿಂದ ಹಗ್ಗವನ್ನು ತಡವಿ, ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಗುಂಡು ಸುತ್ತುವಲ್ಲಿ ನಿಂತು, “ಇಲ್ಲಿ ತಿರಗತೈತಿ” ಎಂದಳು. ಮೂರು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಪೂರ್ತಿ ಮಾತು ಅದು. ತಿರುಗಿ, ಮೇಲೆ ಬಂದು, ಅಡ್ಡ ಕಟ್ಟು ಮುಗಿಸಿ, ಟವೆಲ್ ತಾನೇ ಕಿತ್ತು ತೆಗೆದು ನಕ್ಕಳು. “ಟೀಚರ, ಇದು ರ.”

ಬಾಗಿಲಲ್ಲಿ ಅವಳ ಅಜ್ಜಿ ನಿಂತಿದ್ದರು.

“ಏನ್ರಿ ಟೀಚರ ಇದು” ಎಂದರು, ದನಿ ಏರಿಸದೆ. “ಅಕ್ಷರದ ಮ್ಯಾಲ ಕಾಲಿಟ್ಟು ಅಡ್ಡಾಡಸಾಕತ್ತೀರಿ? ನಮ್ಮ ಮನ್ಯಾಗ ಒಂದ ಹಾಳಿ ತುಳದ್ರ ಕಣ್ಣಿಗೆ ಒತ್ತಿಕೊಂತೇವಿ. ಬರೂ ವಿದ್ಯಾನೂ ಓಡಿ ಹೋಗತೈತಿ ಹಿಂಗ ಮಾಡಿದ್ರ.”

ಆಗಲೇ ತಪ್ಪಾಯಿತು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಾಗೆ ಅನ್ನಲಿಲ್ಲ. “ನಿಮ್ಮ ಮೊಮ್ಮಗಳು ನಕ್ಕಾಳ, ಅದು ಕಾಣಲಿಲ್ಲ ನಿಮಗ. ಕಾಲು ಕಂಡ್ವು” ಎಂದೆ. ಅಜ್ಜಿ ಹುಡುಗಿಯ ರಟ್ಟೆ ಹಿಡಿದು ಹೊರಟರು. ಹುಡುಗಿ ತಿರುಗಿ ಹಗ್ಗವನ್ನು ನೋಡುತ್ತ ಹೋದಳು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಮರುದಿನ ಒಂಬತ್ತು ಮಕ್ಕಳು ಬರಲಿಲ್ಲ. ಹುನಗುಂದದಿಂದ ನಮ್ಮ ಮೇಲ್ವಿಚಾರಕಿ ಫೋನ್ ಮಾಡಿದರು. “ತರಬೇತ್ಯಾಗ ಹೇಳ್ಯಾರ ಖರೆ. ನೀವು ಇಳಕಲ್ಲಾಗ ಹುಟ್ಟಿ ಬೆಳದಾವರು, ಅಷ್ಟೂ ತಿಳೀಲಿಲ್ಲೇನ್ರಿ?” ಫೋನ್ ಇಟ್ಟ ಮೇಲೆ ನೆನಪಾಯಿತು. ತರಬೇತಿಯಲ್ಲೇ ಒಮ್ಮೆ ನೆಲಕ್ಕೆ ಬಿದ್ದ ಚಾರ್ಟಿಗೆ ನನ್ನ ಕಾಲು ತಾಗಿತ್ತು. ನಾನು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅದೇ ಕೈಯಲ್ಲಿ ‘ಅಕ್ಷರದ ಮೇಲೆ ನಡೆಸುವುದು’ ಎಂದು ಬರೆದುಕೊಂಡಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ಹೊಳೆದಿರಲೇ ಇಲ್ಲ. ನನ್ನ ಮೇಲೆ ನನಗೇ ಹೇಸಿಗೆ ಆಯಿತು.

ಗೋಣಿ ತಟ್ಟನ್ನು ಎತ್ತಿ, ಕೊಡವಿ, ಗೋಡೆಗೆ ಮಕ್ಕಳ ಎದೆಯ ಎತ್ತರಕ್ಕೆ ಮೊಳೆ ಹೊಡೆದೆವು. ಈಗ ಕಣ್ಣು ಕಟ್ಟಿಕೊಂಡು ಕೈಯಿಂದ ತಡವುವುದು. ಆಟ ಅದೇ. ಮನೆಮನೆಗೆ ಹೋಗಿ ಹೇಳಿದೆ. ಮೂರು ದಿನದಲ್ಲಿ ಎಂಟು ಮಕ್ಕಳು ವಾಪಸು ಬಂದರು. ಅವಳು ಬರಲಿಲ್ಲ.

ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಕಣ್ಣು ಕಟ್ಟಿದಾಗ ಕಾಲಿಗೆ ತಿಳಿದ ಅಕ್ಷರ ಕೈಗೆ ಯಾಕೆ ತಿಳಿಯಲಿಲ್ಲ? ಮಂದ ಹುಡುಗಿಯಾದರೆ ಕಾಲಿಗೂ ತಿಳಿಯಬಾರದಿತ್ತು. ಸಹಾಯಕಿಯನ್ನು ಕೇಳಿದರೆ, “ಅಕಿ ಕಡೆನ ಹೋಗಿ ಕೇಳ್ರಿ, ನನ್ನ ಯಾಕ ಕೇಳ್ತೀರಿ” ಎಂದರು.

ಶಿವರಾತ್ರಿಯ ಮರುವಾರ, ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಹೋದೆ. ತಾಯಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದಳು. ಅಜ್ಜಿ ರಾಟಿಯ ಮುಂದೆ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಹುಡುಗಿ ಬಾಗಿಲ ಮರೆಯಲ್ಲಿ. ಅಜ್ಜಿ ಮುಖ ಗಂಟಿಕ್ಕಿದ್ದರೂ ಚೊಂಬು ನೀರು ಕೊಟ್ಟು, “ಕುಂಡ್ರಿ” ಎಂದರು.

“ಅಕ್ಷರ ತುಳಸಿದ್ದು ನಂದ ತಪ್ಪು. ಎತ್ತಿ ಗ್ವಾಡಿಗೆ ಹಾಕೇನಿ. ಹುಡುಗೀನ ಕಳಸ್ರಿ” ಎಂದೆ.

“ನಿಮ್ಮ ತಪ್ಪ ಒಂದ ಅಲ್ಲ ಬಿಡ್ರಿ. ಅಕಿ ಹಣ್ಯಾಗ ಇಲ್ಲ. ಆ ಸಾಲಿಯವರು ಮೂರ ತಿಂಗಳಾ ನೋಡಿದ್ರು, ನೀವೂ ಮೂರ ತಿಂಗಳಾ ನೋಡಿದ್ರಿ. ಸಂತಿ ದಿನ ನಮ್ಮ ಓಣ್ಯಾವರು ಕೆರೂರಿಗೆ ಹೊಂಟಾರ. ಅವರ ಕೂಡ ಕಳಸ್ತೇನಿ.”

ಮತ್ತೆ ನನ್ನ ಮೂಗಿನ ತುದಿಗೆ ಬಂತು. “ಒಂದ ಅಕ್ಷರ ಬರೀಲಿ. ಇಲ್ಲೇ, ನಿಮ್ಮ ಮುಂದ. ಬರೀಲಿಲ್ಲ ಅಂದ್ರ ನಾನ ಬಸ್ ಹತ್ತಿಸಿ ಬರ್ತೇನಿ” ಎಂದುಬಿಟ್ಟೆ. ಯಾವ ಧೈರ್ಯದ ಮೇಲೆ ಅಂದೆನೋ.

ಅಜ್ಜಿ ಎದ್ದು ಒಳಗಿನಿಂದ ಪರಾತಿನಲ್ಲಿ ಜೋಳ ತಂದು ಇಟ್ಟರು. “ಅಕ್ಷರ ಸುರು ಮಾಡೂದು ಕಾಳಿನಾಗ. ನಿಮ್ಮ ಉಸುಕು ನಮ್ಮಲ್ಲಿಲ್ಲ. ಬರಸ್ರಿ.” ಮಗ್ಗದ ಸಪ್ಪಳ ನಿಂತಿತು.

ಹುಡುಗಿ ಬಂದು ಕೂತಳು. ನಾನು ಅವಳ ಬಲಗೈ ಹಿಡಿದು ಬೆರಳನ್ನು ಕಾಳಿನೊಳಗೆ ಇಟ್ಟೆ. “ರ ಬರಿ ಅವ್ವಿ. ಹಗ್ಗದ ಮ್ಯಾಲ ನಡದಿದ್ದೆಲ್ಲ, ಅದ.” ಬೆರಳು ಅಲ್ಲೇ ನಿಂತಿತ್ತು. ಅದೇ ಬೆಂದ ಶಾವಿಗೆ. ಅಜ್ಜಿ ರಾಟಿಯ ಕಡೆ ತಿರುಗಿದರು. ಮುಗಿಯಿತು ಎಂದುಕೊಂಡು ನಾನು ತಲೆ ತಗ್ಗಿಸಿದೆ. ತಗ್ಗಿಸಿದ್ದಕ್ಕೆ ಕಂಡಿತು: ತೊಡೆಯ ಕೆಳಗಿನ ಅವಳ ಎಡಗೈ. ಸುಮ್ಮನೆ ಇರಲಿಲ್ಲ ಅದು. ಅದರ ತೋರುಬೆರಳು ನೆಲದ ಮೇಲೆ ಅಲುಗುತ್ತಿತ್ತು.

ಆಗ ದೀಪಾವಳಿಯ ನಂತರದ ಆ ಮೊದಲ ದಿನ ನೆನಪಾಯಿತು. ಅವಳು ಪೆನ್ಸಿಲ್ ಎತ್ತಿಕೊಂಡಿದ್ದಳು, ಎಡಗೈಯಲ್ಲಿ. ನಾನು ಯೋಚನೆಯೇ ಮಾಡದೆ, ನೊಣ ಓಡಿಸಿದ ಹಾಗೆ, ಅದನ್ನು ಕಿತ್ತು ಬಲಗೈಗೆ ಇಟ್ಟಿದ್ದೆ. ಮರುದಿನವೂ ಇಟ್ಟಿದ್ದೆ. ಆ ಶಾಲೆಯಲ್ಲೂ ಇದನ್ನೇ ಮಾಡಿರಬೇಕು, ಮನೆಯಲ್ಲಂತೂ ಉಣ್ಣುವಾಗ ದಿನಾ. ಕೈ ತೊಡೆಯ ಕೆಳಗೆ ಹೋಗಿ ಕೂತದ್ದು ನಾಚಿಕೆಗಲ್ಲ. ನಾವೆಲ್ಲ ಸೇರಿ ಅದನ್ನು ಅಲ್ಲಿ ಕೂಡಿಸಿದ್ದೆವು. ಕಾಲಿಗೆ ಮಾತ್ರ ಯಾರೂ ಎಡ, ಬಲ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಬಚ್ಚಿಡಲಿಲ್ಲ.

ಒಮ್ಮೆ ಅಕ್ಷರ ತುಳಿಸಿ ಬೈಸಿಕೊಂಡವಳು ನಾನು. ಈಗ ಎಡಗೈಯನ್ನು ಕಾಳಿಗೆ ಇಡಿಸಿದರೆ ಈ ಮನೆಯ ಹೊಸ್ತಿಲನ್ನೇ ತುಳಿಯಗೊಡುವುದಿಲ್ಲ ಎಂದು ಗೊತ್ತಿತ್ತು. ಆದರೂ ಆ ಕೈಯನ್ನು ಹೊರಗೆ ತೆಗೆದು ಪರಾತಿನಲ್ಲಿ ಇಟ್ಟೆ. “ಇದರಲೆ ಬರಿ.”

“ಎಡಗೈಲೆ ಏನ್ರಿ?” ಅಜ್ಜಿ ರಾಟಿ ಬಿಟ್ಟರು. ಹುಡುಗಿ ಅಜ್ಜಿಯ ಮುಖ ನೋಡಿ ಕೈ ಹಿಂದೆ ಎಳೆದಳು.

“ನಾನ ತಪ್ಪು ಮಾಡೇನಿ ಆಯಿ. ಮೂರ ತಿಂಗಳಾ ಈ ಕೈ ಕಟ್ಟಿ ಹಾಕೇನಿ. ಉಣ್ಣೂದು ಬಲಗೈಲೆ ಉಣ್ಣಲಿ. ಬರಿಯೂದು ಇದರಲೆ ಬರೀಲಿ. ಒಂದ ಸಲ ನೋಡ್ರಿ.”

ಅಜ್ಜಿಯ ನೋಟ ಪರಾತಿಗೆ ಇಳಿಯಿತು. ಹುಡುಗಿಯ ಬೆರಳು ಮೆಲ್ಲಗೆ ಕಾಳಿಗೆ ಬಂತು. ಕಾಳು ಸರಿದು ಪರಾತಿನ ತಳ ಕಂಡಿತು. ಗುಂಡು ಸುತ್ತುವಲ್ಲಿ ಅವಳು ನಿಂತು, ತನಗೆ ತಾನೇ “ಇಲ್ಲಿ ತಿರಗತೈತಿ” ಎಂದು, ತಿರುಗಿಸಿ, ಮೇಲೆ ಬಂದು, ಅಡ್ಡ ಕಟ್ಟು ಎಳೆದಳು. ‘ರ’. ಸ್ವಲ್ಪ ವಾಲಿದ್ದರೂ ಯಾರು ನೋಡಿದರೂ ‘ರ’. ಅದನ್ನು ಅಳಿಸಿ ಇನ್ನೊಂದು ಬರೆದಳು. ಆಮೇಲೆ ನಾನು ಕೇಳದೆಯೇ ಒಂದು ‘ಗ’. ಕಲಿಯದವಳಲ್ಲ, ಎಲ್ಲ ಕಲಿತು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

ಮಗ್ಗದ ಕುಣಿಯಿಂದ ತಾಯಿ ಮಾತಾಡಿದಳು. ಅತ್ತೆಯ ಎದುರು ಅವಳು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. “ಅತ್ತಿ, ಲಾಳಿ ಒಂದ ಸಲ ಬಲಗೈಲೆ ಒಗೀತೇನಿ, ಒಂದ ಸಲ ಎಡಗೈಲೆ. ಎಡಗೈಲೆ ಒಗದ ಎಳಿ ಯಾವದು, ಸೀರ್ಯಾಗ ಹುಡಿಕಿ ತೋರಸ್ರಿ ನೋಡೋಣು.”

ಅಜ್ಜಿ ಸೊಸೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎದ್ದು ಬಂದು, ಪರಾತನ್ನು ಎತ್ತಿ, ಜೋಳವನ್ನು ಹಗೂರಕ್ಕೆ ಡಬ್ಬಿಗೆ ಸುರಿದರು. ಖಾಲಿ ಪರಾತನ್ನು ನನ್ನ ಕೈಗೆ ಕೊಟ್ಟು ಹೇಳಿದರು: “ಉಣ್ಣೂ ಕಾಳಿನಾಗ ಎಡಗೈ ಬ್ಯಾಡ. ನಾಳಿಂದ ನಿಮ್ಮ ಉಸುಕಿನಾಗ ಬರೀಲಿ.”

ಆಮೇಲಿನ ಕೆಲಸ ಸುಲಭ ಇರಲಿಲ್ಲ. ಎಡಗೈಯವರಿಗೆ ಹೇಗೆ ಕಲಿಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ವಾರ ಮನೆಯಲ್ಲಿ ನಾನೇ ಎಡಗೈಯಲ್ಲಿ ಬರೆದು ನೋಡಿದೆ. ನನ್ನ ಅಕ್ಷರ ಕಂಡು ನನ್ನ ಮಗಳು ಹೊಟ್ಟೆ ಹಿಡಿದು ನಕ್ಕಳು. ಬರೆದದ್ದನ್ನು ಕೈಯೇ ಮುಚ್ಚುತ್ತದೆ, ಅದಕ್ಕೆ ಪರಾತನ್ನು ಎಡಕ್ಕೆ ಸರಿಸಿ ಸ್ವಲ್ಪ ಓರೆ ಇಡಬೇಕು. ನಾನು ಅವಳ ಪಕ್ಕಕ್ಕಲ್ಲ, ಎದುರಿಗೆ ಕೂರಬೇಕು. ಕೆಲವು ದಿನ ಅವಳು ‘ಸ’ವನ್ನು ತಿರುವಿ ಮುರುವಿ ಬರೆಯುತ್ತಿದ್ದಳು. ಆಗ ಗೋಡೆಯ ಹಗ್ಗವನ್ನು ತಡವಿಸಿ ಬಂದು ಮತ್ತೆ ಬರೆಸುತ್ತಿದ್ದೆ. ಉಸುಕಿನಿಂದ ಪಾಟಿ-ಬಳಪಕ್ಕೆ ಬರಲು ಯುಗಾದಿ ದಾಟಿತು. ಪೆನ್ಸಿಲ್ಲನ್ನು ನಾನು ಮುಟ್ಟಲೂ ಇಲ್ಲ. ಅದನ್ನು ಅವಳೇ ಒಂದು ದಿನ ಪೆಟ್ಟಿಗೆಯಿಂದ ಎತ್ತಿಕೊಂಡಳು.

ಕೆರೂರಿನ ತೊಟ್ಟಿಲು ತೂಗಲು ಕೊನೆಗೆ ಹೋದವರು ಅಜ್ಜಿಯೇ. “ಮೊಮ್ಮಗಳ ಬದಲಿ ನಾ ಹೊಂಟೇನ್ರಿ ಡ್ಯೂಟಿಗೆ” ಎಂದು ಅಂಗನವಾಡಿಯ ಬಾಗಿಲಿಗೆ ಬಂದು ಹೇಳಿ ಹೋದರು. ಸಹಾಯಕಿ ಅವತ್ತು ಎಲ್ಲ ಮಕ್ಕಳಿಗೂ ಒಂದೊಂದು ಚಮಚ ಹೆಚ್ಚು ಪಾಯಸ ಬಡಿಸಿದರು.

ಜೂನಿನಲ್ಲಿ ಅವಳನ್ನು ಸರಕಾರಿ ಶಾಲೆಗೆ ಸೇರಿಸುವ ದಿನ ನಾನೂ ಹೋದೆ. ಒಂದನೇ ಇಯತ್ತೆಯ ಮಾಸ್ತರರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಜ್ಜಿ ಕೆರೂರಿನಿಂದ ಬಂದು ನನಗಿಂತ ಮೊದಲೇ ವರಾಂಡದಲ್ಲಿ ನಿಂತಿದ್ದರು. ಮಾಸ್ತರರು ಒಳ್ಳೆಯವರು. ಹೆಸರು ಕೇಳಿ, ಪಾಟಿ ಕೊಟ್ಟು, ಬಳಪವನ್ನು ರೂಢಿಯಂತೆ ಅವಳ ಬಲಗೈಗೆ ಇಟ್ಟರು. ನಾನು ಬಾಯಿ ತೆರೆಯುವುದರೊಳಗೆ ಅಜ್ಜಿ ಹೊಸ್ತಿಲ ಹತ್ತಿರ ಹೋಗಿದ್ದರು.

“ಸರ, ಅಕಿ ಎಡಚಿ ಅದಾಳ್ರಿ. ಕೈ ಬದಲಿ ಮಾಡಬ್ಯಾಡ್ರಿ. ಉಣ್ಣಾಕ ಬಲಗೈ, ಬರಿಯಾಕ ಎಡಗೈ. ನಮ್ಮ ಮನ್ಯಾಗ ಹಂಗ ಠರಾವ ಆಗೇತಿ.”

ಮಾಸ್ತರರು ನಕ್ಕು, “ಆತು ಬಿಡ್ರಿ ಆಯಿ” ಎಂದರು. ಹುಡುಗಿ ಬಳಪವನ್ನು ಎಡಗೈಗೆ ತೆಗೆದುಕೊಂಡು ‘ರ’ ಬರೆದಳು. ಪಕ್ಕದ ಹುಡುಗನ ಮೊಣಕೈ ತಾಗಿ ಪಾಟಿ ಜಾರಿ ಅವಳ ಪಾದದ ಮೇಲೆ ಬಿತ್ತು. ಅವಳು ಬಗ್ಗಿ, ಪಾಟಿಯನ್ನು ಎತ್ತಿ, ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಎಡಗೈಯಿಂದಲೇ.

ಅಜ್ಜಿ ಅದನ್ನು ನೋಡಿದರು. ನಾನು ಅಜ್ಜಿಯನ್ನು ನೋಡಿದೆ. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ನಡ್ರಿ ಟೀಚರ, ಅಲ್ಲಿ ನಿಮ್ಮ ಹುಡುಗೋರು ಕಾಯ್ತಿರ್ತಾವ” ಎಂದರು.